ನುಚ್ಚಿನಿಂದ ಪ್ಲಾಸ್ಟಿಕ್ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಕಾರಟಗಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮಾರ್ಚ್‌ನಲ್ಲಿ ನಮ್ಮ ಅಮ್ಮ ಅಕ್ಕಿ ಸಂಡಿಗೆ ಹಾಕಿದ್ದರು. ಹಿಟ್ಟು ಕಾಯಿಸಿದ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಸೌಟಿನಿಂದ ಕೆರೆದು ಒಂದು ಸ್ಟೀಲ್ ತಟ್ಟೆಗೆ ಸವರಿ ಮಾಳಿಗೆ ಮೇಲೆ ಬಿಟ್ಟಿದ್ದಾರೆ, ಮರೆತಿದ್ದಾರೆ. ಸಂಜೆ ಹೊತ್ತಿಗೆ ಅದು ತಾನೇ ಅಂಚು ಬಿಟ್ಟು ಮೇಲೆ ಎದ್ದಿತ್ತು. ಎತ್ತಿದರೆ ತೆಳ್ಳನೆಯ ಹಾಳೆ. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಮಸುಕಾಗಿ ಕಾಣುತ್ತಿತ್ತು. ಬಗ್ಗಿಸಿದೆ, ಟಕ್ ಅಂತ ಮುರಿಯಿತು. ಆ ಮುರಿಯೋದು ಒಂದು ನಿಂತರೆ ಇದು ಪ್ಲಾಸ್ಟಿಕ್ಕೇ ಅಲ್ವಾ ಅನ್ನಿಸಿತು.

ಮುಂದಿನ ವಾರ ಒಂಬತ್ತನೇ ತರಗತಿ ಮಕ್ಕಳ ಜೊತೆ ಕೂತೆವು. ಕಿರಾಣಿ ಅಂಗಡಿಯ ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ನೀರು ನಾಲ್ಕು ಚಮಚ, ವಿನೆಗರ್ ಒಂದು ಟೀ ಚಮಚ, ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದು ಟೀ ಚಮಚ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. 65-70 ಡಿಗ್ರಿ ಹತ್ತಿರ ಬಂದಾಗ ಹಾಲಿನ ಥರ ಇದ್ದದ್ದು ಒಮ್ಮೆಲೇ ಗಟ್ಟಿಯಾಗಿ, ಬೆಳ್ಳಗಿದ್ದದ್ದು ತಿಳಿಯಾಗುತ್ತದೆ. ಸಂಡಿಗೆ ಹಾಕುವವರಿಗೆ ಆ ಗಳಿಗೆ ಚೆನ್ನಾಗಿ ಗೊತ್ತು, "ಹಿಟ್ಟು ಬೆಂತು" ಅನ್ನುತ್ತಾರಲ್ಲ, ಅದೇ. ತಟ್ಟೆಗೆ ಸವರಿ ಎರಡು ದಿನ ಒಣಗಿಸಿದೆವು.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟು. ಪಿಷ್ಟದಲ್ಲಿ ಎರಡು ಥರದ ಸರಪಳಿ ಇವೆ. ಅಮೈಲೋಸ್ ನೂಲಿನ ಹಾಗೆ ಉದ್ದಕ್ಕೆ ಇರುತ್ತದೆ. ಅಮೈಲೊಪೆಕ್ಟಿನ್ ಜಾಲಿ ಕೊಂಬೆಯ ಹಾಗೆ ಕವಲು ಕವಲು. ಹಾಳೆಗೆ ಗಟ್ಟಿತನ ಬರುವುದು ಉದ್ದನೆಯ ಎಳೆಯಿಂದ. ಗೊಂಜಾಳದ (ಮೆಕ್ಕೆಜೋಳದ) ಪಿಷ್ಟದಲ್ಲಿ ಅದು ಸುಮಾರು ಕಾಲು ಭಾಗ, ಮರಗೆಣಸಿನಲ್ಲಿ ಅದಕ್ಕಿಂತ ಕಮ್ಮಿ. ಗ್ಲಿಸರಿನ್ ಆ ಎಳೆಗಳ ನಡುವೆ ಹೋಗಿ ಕೂತು, ಅವು ಒಂದಕ್ಕೊಂದು ಬಿಗಿದು ಗಾಜಿನ ಹಾಗೆ ಆಗದಂತೆ ತಡೆಯುತ್ತದೆ.

ಮೊದಲ ಹಾಳೆ ಜಿಗಿ ಜಿಗಿ ಆಯಿತು, ಮೇಲೆ ಎಣ್ಣೆ ಬೆವರಿದ ಹಾಗೆ. ಗ್ಲಿಸರಿನ್ ಕಮ್ಮಿ ಮಾಡಿ ಬರೀ ಐದಾರು ಹನಿ ಹಾಕಿದೆವು. ಏಪ್ರಿಲ್ ಬಿಸಿಲಿಗೆ ಅದು ಸುರುಳಿ ಸುತ್ತಿ ಸೀಳಿತು. ಅದೇ ಹಾಳೆಯ ಇನ್ನೊಂದು ತುಂಡನ್ನು ಪುಸ್ತಕದ ನಡುವೆ ಇಟ್ಟಿದ್ದೆ, ಈಗ ಜುಲೈ ಮಳೆಗೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗಿದೆ. ನೀರಿನಲ್ಲಿ ಹಾಕಿದರೆ ಹತ್ತು ನಿಮಿಷಕ್ಕೆ ಲೋಳೆ.

ನಮ್ಮ ಸುತ್ತ ಎಷ್ಟು ರೈಸ್ ಮಿಲ್ ಇವೆ ಅಂತ ನಿಮಗೆಲ್ಲ ಗೊತ್ತು. ನುಚ್ಚಿನ ರಾಶಿ ಕಣ್ಣೆದುರಿಗೇ ಇದೆ. ಇದರಿಂದ ನಮ್ಮ ಊರಿಗೆ ಉಪಯೋಗಕ್ಕೆ ಬರೋ ಏನಾದರೂ ಒಂದು ವಸ್ತು ಮಾಡಬಹುದಾ? ಗೊತ್ತಿದ್ದವರು ಹೇಳಿ.

ಗಂಗಾವತಿ ಮಿಲ್ ಫಿಟ್ಟರ್

ಮೇಷ್ಟ್ರೇ, ಹದಿನೆಂಟು ವರ್ಷದಿಂದ ಮಿಲ್ಲಿನಲ್ಲಿ ಇದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ, ನುಚ್ಚು ತರುವಾಗ ರಾ ರೈಸಿನ ನುಚ್ಚೇ ಕೇಳಿ ತನ್ನಿ. ಬಾಯಿಲ್ಡ್ ನುಚ್ಚು ಬೇಡವೇ ಬೇಡ. ಬಾಯಿಲ್ಡ್‌ಗೆ ನೆಲ್ಲು ಇದ್ದಾಗಲೇ ನೆನೆಸಿ ಹಬೆ ಕೊಟ್ಟಿರುತ್ತೇವೆ, ಒಳಗಿನ ಪಿಷ್ಟ ಅಲ್ಲೇ ಬೆಂದು ಅಂಟಿಕೊಂಡಿರುತ್ತದೆ. ನೀವು ರುಬ್ಬಿ ನೀರಿನಲ್ಲಿ ಬಿಟ್ಟರೂ ಅದು ಬೆಳ್ಳಗೆ ತಳ ಹಿಡಿಯುವುದಿಲ್ಲ.

ಇನ್ನೊಂದು, ನುಚ್ಚು ಅಂದರೆ ಬಿಟ್ಟಿ ಬಿದ್ದಿರೋ ಮಾಲು ಅಂತ ತಿಳಿಯಬೇಡಿ. 100 ಕೆಜಿ ನೆಲ್ಲಿಗೆ 20 ಕೆಜಿಗೂ ಸ್ವಲ್ಪ ಜಾಸ್ತಿ ಹೊಟ್ಟು, ಸುಮಾರು 8 ಕೆಜಿ ತೌಡು ಹೋಗುತ್ತದೆ, ಉಳಿದದ್ದರಲ್ಲಿ ಇಡೀ ಅಕ್ಕಿ ಮತ್ತು ನುಚ್ಚು. ನುಚ್ಚಿಗೆ ಕೋಳಿ ಮೇವಿನವರು ಬರುತ್ತಾರೆ, ಹಿಟ್ಟಿನ ಗಿರಣಿಯವರು ಬರುತ್ತಾರೆ, ಈಗ ಎಥೆನಾಲ್‌ನವರೂ ಬರುತ್ತಾರೆ. ಲೋಡ್ ನಿಲ್ಲೋದೇ ಇಲ್ಲ. ಹೊಟ್ಟು ಕೇಳಿ, ಒಂದಿಷ್ಟು ಸುಮ್ನೆ ಕೊಡುತ್ತೇವೆ.

ದೇವದುರ್ಗದವ

ನನ್ನ ಮಾತು ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ ಸರ್. ಅಕ್ಕಿಯಿಂದ ಪ್ಲಾಸ್ಟಿಕ್ ಅನ್ನೋ ಮಾತು ಕೇಳಿದರೇ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ನುಚ್ಚೇ ಊಟ. ಇಡೀ ಅಕ್ಕಿ ಕಂಡಿದ್ದು ಹಬ್ಬಕ್ಕೆ. ಈಗಲೂ ನಮ್ಮ ತಾಂಡಾದ ಅರ್ಧ ಮನೆಗಳಿಗೆ ದೀಪಾವಳಿ ಆದ ಮೇಲೆ ಬೀಗ, ಎಲ್ಲರೂ ಗುಳೆ ಹೋಗಿರುತ್ತಾರೆ.

ನೀರಿನ ಲೆಕ್ಕವನ್ನೂ ಹಾಕಿ. ಒಂದು ಕೆಜಿ ನೆಲ್ಲು ಬೆಳೆಯಲು ಸುಮಾರು 2500 ಲೀಟರ್ ನೀರು ಅಂತ ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಯವರು ಹೇಗೆ ಎದೆ ಹಿಡಿದು ಕೂತಿದ್ದೆವು ಅಂತ ಮರೆತಿಲ್ಲ ತಾನೇ? ಕೊನೆ ಭಾಗದ ಕಾಲುವೆಗೆ ನೀರು ಬಾರದೆ ನಾವು ಪ್ರತಿ ವರ್ಷ ಜಗಳ ಆಡುತ್ತೇವೆ. ಆ ನೀರಿನಲ್ಲಿ ಬೆಳೆದದ್ದನ್ನು ಅರ್ಧ ಗಂಟೆ ಬಳಸಿ ಬಿಸಾಡೋ ಚೀಲ ಮಾಡೋದಾ?

ಕಾರಟಗಿ ಮೇಷ್ಟ್ರು

ಅಣ್ಣಾ, ಬೇಜಾರು ಯಾಕೆ ಆಗಲಿ. ನೀವು ಕೇಳಿದ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿಯೂ ಕೇಳಿದಳು. "ಸರ್, ಇದನ್ನು ತಿನ್ನಬಹುದಿತ್ತಲ್ಲ" ಅಂದಳು. ನನ್ನ ಹತ್ತಿರ ಆವತ್ತು ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಬಂದು ಕೇಳಿದ್ದು.

ರಾಯಚೂರು ಎಂಟೆಕ್

ಮೇಷ್ಟ್ರೇ, ದೇವದುರ್ಗದ ಅಣ್ಣಾ, ಇಬ್ಬರಿಗೂ ನಮಸ್ಕಾರ. ನಾನು ಆಹಾರ ಸಂಸ್ಕರಣೆಯ ಎಂಜಿನಿಯರಿಂಗ್ ಓದುತ್ತಿದ್ದೇನೆ, ನನ್ನ ಪ್ರಾಜೆಕ್ಟ್ ಪಿಷ್ಟದ ಫಿಲ್ಮ್ ಮೇಲೆಯೇ ಇದೆ.

ಅಣ್ಣಾ ಹೇಳಿದ್ದು ಸರಿ, ಅದಕ್ಕೆ ಲೆಕ್ಕವೂ ಇದೆ. ಜಗತ್ತಿನಲ್ಲಿ ವರ್ಷಕ್ಕೆ 40 ಕೋಟಿ ಟನ್‌ಗೂ ಜಾಸ್ತಿ ಪ್ಲಾಸ್ಟಿಕ್ ತಯಾರಾಗುತ್ತದೆ. ಜಗತ್ತಿನ ಎಲ್ಲ ಹೊಲಗಳ ಅಕ್ಕಿಯನ್ನು ಒಟ್ಟು ಹಾಕಿದರೆ ಸುಮಾರು 52 ಕೋಟಿ ಟನ್. ಅಂದರೆ ಎಲ್ಲ ಪ್ಲಾಸ್ಟಿಕ್ಕನ್ನೂ ಅಕ್ಕಿಯಿಂದ ಮಾಡಲು ಹೊರಟರೆ ಊಟಕ್ಕೆ ಏನೂ ಉಳಿಯೋದಿಲ್ಲ. ಈಗ ಜೈವಿಕ ಪ್ಲಾಸ್ಟಿಕ್ ಅಂತ ಕರೆಯುವ ಎಲ್ಲವೂ ಸೇರಿ ಒಟ್ಟು ಪ್ಲಾಸ್ಟಿಕ್ಕಿನ 100ಕ್ಕೆ ಒಂದು ಪಾಲೂ ಇಲ್ಲ. ಹಾಗಾಗಿ "ಪ್ಲಾಸ್ಟಿಕ್ ಬದಲು ಪಿಷ್ಟ" ಅನ್ನೋ ಮಾತೇ ನಡೆಯುವುದಿಲ್ಲ. ಎಲ್ಲಿ ಪ್ಲಾಸ್ಟಿಕ್ ಹೇಗಿದ್ದರೂ ಮಣ್ಣಿಗೇ ಹೋಗಿ ಸೇರುತ್ತದೋ, ಹೆಕ್ಕಿ ತೆಗೆಯಲು ಆಗುವುದೇ ಇಲ್ಲವೋ, ಅಲ್ಲಿಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಮೇಷ್ಟ್ರೇ, ನಿಮ್ಮ ಅಳತೆಯಲ್ಲಿ ಗ್ಲಿಸರಿನ್ ಜಾಸ್ತಿಯಾಗಿದೆ. ದೊಡ್ಡ ಚಮಚ ಕಾರ್ನ್‌ಫ್ಲೋರ್ ಸುಮಾರು 8 ಗ್ರಾಂ, ಒಂದು ಟೀ ಚಮಚ ಗ್ಲಿಸರಿನ್ 6 ಗ್ರಾಂ ಆಯಿತು. ಪಿಷ್ಟದ ತೂಕದ 25ರಿಂದ 35 ಪರ್ಸೆಂಟ್ ಸಾಕು, ಅಂದರೆ ಎರಡು ಎರಡೂವರೆ ಗ್ರಾಂ. ಚಮಚ ಬಿಟ್ಟು ತಕ್ಕಡಿ ಹಿಡಿಯಿರಿ. ಇನ್ನೊಂದು ಕಷ್ಟ ಇದೆ. ಇವತ್ತು ಮೆತ್ತಗಿರುವ ಹಾಳೆ ತಿಂಗಳು ಕಳೆದ ಮೇಲೆ ತಾನಾಗಿ ಬಿರುಸಾಗುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆಗೆ ಗಟ್ಟಿಯಾಗುತ್ತದಲ್ಲ, ಅದೇ ಕಾರಣ. ಎಳೆಗಳು ಮತ್ತೆ ಒಂದರ ಪಕ್ಕ ಒಂದು ಜೋಡಿಸಿಕೊಳ್ಳುತ್ತವೆ.

ಮಾನ್ವಿ ಸಂಘದ ಅಕ್ಕ

ತಂಗಿ, ನೀನು ಓದಿದವಳು, ನನಗೊಂದು ವಿಷಯ ಬಿಡಿಸಿ ಹೇಳು. ನಮ್ಮ ಸ್ವಸಹಾಯ ಸಂಘದಲ್ಲಿ 14 ಜನ ಇದ್ದೇವೆ. ಹೋದ ತಿಂಗಳು ಒಬ್ಬರು ಬಂದು ಗೊಂಜಾಳದ ಹಿಟ್ಟಿನಿಂದ ಕ್ಯಾರಿಬ್ಯಾಗ್ ಮಾಡೋ ಮಷಿನ್ ಕೊಡಿಸುತ್ತೇವೆ, ಬ್ಯಾಂಕಿನಲ್ಲಿ ಸಾಲ ಮಾಡಿ ಅಂದರು. ಒಂದು ಕಡೆ ಹಿಟ್ಟು ಹಾಕಿದರೆ ಇನ್ನೊಂದು ಕಡೆ ಚೀಲ ಬರುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ನಮ್ಮವರೆಲ್ಲ ಹುರುಪಿನಲ್ಲಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ರಾಯಚೂರು ಎಂಟೆಕ್

ಅಕ್ಕಾ, ದಯವಿಟ್ಟು ಸಹಿ ಹಾಕಬೇಡಿ. ಆ ಮಷಿನ್ನಿಗೆ ಹಿಟ್ಟು ಹಾಕಿದರೆ ಸೀದು ಕಪ್ಪಾಗುತ್ತದೆ, ಚೀಲ ಬರೋದಿಲ್ಲ. ಬಲೂನಿನ ಹಾಗೆ ಊದಿ ಫಿಲ್ಮ್ ತೆಗೆಯುವ ಮಷಿನ್ನಿಗೆ ಹಾಕುವುದು ಕಾಳು ಕಾಳಾದ ಗ್ರ್ಯಾನ್ಯೂಲ್. ಆ ಗ್ರ್ಯಾನ್ಯೂಲ್ ಮಾಡುವುದೇ ಬೇರೆ ಕಾರ್ಖಾನೆ. ಅಲ್ಲಿ ಪಿಷ್ಟ, ಗ್ಲಿಸರಿನ್, ಜೊತೆಗೆ ಪಿಬಿಎಟಿ ಅನ್ನುವ ಇನ್ನೊಂದು ಪ್ಲಾಸ್ಟಿಕ್, ಇವನ್ನೆಲ್ಲ ಎರಡು ಸ್ಕ್ರೂ ಇರುವ ಯಂತ್ರದಲ್ಲಿ ಕಾಯಿಸಿ ಅರೆದು ಬೆರೆಸುತ್ತಾರೆ. ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ, ಆದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ. ಪಿಷ್ಟ ಒಂದರಿಂದಲೇ ಚೀಲ ಮಾಡಿದರೆ ಮಳೆಗೆ ಲೋಳೆ ಆಗುತ್ತದೆ, ಮೇಷ್ಟ್ರು ನೋಡಿದ್ದಾರಲ್ಲ. ಇಟಲಿಯವರು ಮೇಟರ್-ಬಿ ಅಂತ ಮೂವತ್ತು ವರ್ಷಕ್ಕೂ ಹಿಂದಿನಿಂದ ಮಾಡುತ್ತಿದ್ದಾರೆ, ಅದೂ ಹೀಗೆ ಬೆರೆಸಿದ್ದೇ.

ಗೊಂಜಾಳದಿಂದ ಬರುವ ಇನ್ನೊಂದು ಪ್ಲಾಸ್ಟಿಕ್ ಪಿಎಲ್‌ಎ. ಅದರಲ್ಲಿ ಪಿಷ್ಟ ಪಿಷ್ಟವಾಗಿ ಉಳಿಯೋದಿಲ್ಲ. ಪಿಷ್ಟವನ್ನು ಸಕ್ಕರೆ ಮಾಡಿ, ಸಕ್ಕರೆಯನ್ನು ಬ್ಯಾಕ್ಟೀರಿಯಾಗೆ ಕೊಟ್ಟು ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ, ನಮ್ಮ ಮೊಸರಿನ ಹುಳಿ ಇದೆಯಲ್ಲ ಅದೇ. ಆ ಆಮ್ಲವನ್ನು ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಅಮೆರಿಕದ ನೆಬ್ರಾಸ್ಕಾದಲ್ಲಿ 2002ರಿಂದ ದೊಡ್ಡ ಕಾರ್ಖಾನೆ ನಡೆಯುತ್ತಿದೆ. ಅದನ್ನು ಸಂಘದಲ್ಲಿ, ಶಾಲೆಯಲ್ಲಿ ಮಾಡಲು ಆಗುವುದಿಲ್ಲ. ಮೇಲಾಗಿ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ನಮ್ಮ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಇಟ್ಟರೆ ಲೋಟದ ಆಕಾರ ಉಳಿಯುವುದು ಕಷ್ಟ.

ಕಾನೂನೂ ಇದೆ ಅಕ್ಕಾ. ಕಾಂಪೋಸ್ಟಬಲ್, ಅಂದರೆ ಗೊಬ್ಬರದ ಗುಂಡಿಯಲ್ಲಿ ಕರಗುವ ಚೀಲ ಮಾಡಿ ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಬೇಕು, ಮಾಲು ಐಎಸ್/ಐಎಸ್‌ಒ 17088 ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆ 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ ನಡೆಯುತ್ತದೆ, 180 ದಿನದೊಳಗೆ 90 ಪರ್ಸೆಂಟ್ ಕರಗಬೇಕು. ಪರೀಕ್ಷೆಗೇ ಆರು ತಿಂಗಳು ಹಿಡಿದರೆ ಅಷ್ಟು ದಿನ ಸಾಲದ ಕಂತು ಯಾರು ಕಟ್ಟುತ್ತಾರೆ?

ಬಳ್ಳಾರಿ ಅಂಗಡಿ

ಈ ತಂಗಿ ಹೇಳಿದ್ದನ್ನು ನನಗೆ ಮೂರು ವರ್ಷ ಹಿಂದೆ ಯಾರಾದರೂ ಹೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ನನ್ನದು ಬಟ್ಟೆ ಅಂಗಡಿ. 2022ರ ಜುಲೈ 1ರಿಂದ ಒಂದೇ ಸಲ ಬಳಸೋ ಪ್ಲಾಸ್ಟಿಕ್ ಸಾಮಾನು ಬ್ಯಾನ್ ಆಯಿತು, ಆ ವರ್ಷದ ಕೊನೆಗೆ ಕ್ಯಾರಿಬ್ಯಾಗ್ 120 ಮೈಕ್ರಾನ್ ದಪ್ಪ ಇರಲೇಬೇಕು ಅಂತಾಯಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲು 2016ರಲ್ಲೇ ನಿಷೇಧ ಇತ್ತು. ಅಷ್ಟರಲ್ಲಿ ಒಬ್ಬ ಏಜೆಂಟ್ ಬಂದ. ಹಸಿರು ಬಣ್ಣದ ಚೀಲ, ಮೇಲೆ ಎಲೆ ಚಿತ್ರ, "ನೂರಕ್ಕೆ ನೂರು ಬಯೋ, ಗೊಂಜಾಳದಿಂದ ಮಾಡಿದ್ದು" ಅಂತ ಬರೆದಿತ್ತು. ಕಾಂಪೋಸ್ಟಬಲ್‌ಗೆ ಮೈಕ್ರಾನ್ ಲೆಕ್ಕ ಇಲ್ಲ ಅಂದ, ಆ ಮಾತು ನಿಜವೇ. ನಂಬಿ ಎರಡು ಕ್ವಿಂಟಲ್ ತಗೊಂಡೆ. ತಪಾಸಣೆಗೆ ಬಂದವರು ಸರ್ಟಿಫಿಕೇಟ್ ನಂಬರ್ ಎಲ್ಲಿ ಅಂತ ಕೇಳಿದರು. ಚೀಲದ ಮೇಲೆ ನಂಬರೂ ಇಲ್ಲ, ಮಾಡಿದವರ ಹೆಸರೂ ಇಲ್ಲ. ಮಾಲು ಜಪ್ತಿ, ಮೇಲೆ ದಂಡ. ಏಜೆಂಟ್‌ನ ಫೋನ್ ಇವತ್ತಿಗೂ ಸ್ವಿಚ್ ಆಫ್. ಉಳಿದ ಒಂದು ಚೀಲವನ್ನು ಸಿಟ್ಟಿಗೆ ಹಿತ್ತಲಿನ ತಿಪ್ಪೆಯಲ್ಲಿ ಹೂತಿದ್ದೆ. ಎರಡು ಮಳೆಗಾಲ ಆಯಿತು. ಬಣ್ಣ ಹೋಗಿ ಚೂರು ಚೂರಾಗಿದೆ, ಕರಗಿಲ್ಲ.

ಕೊಳ್ಳುವ ಮೊದಲೇ ಗೊತ್ತು ಮಾಡಿಕೊಳ್ಳಲು ಏನಾದರೂ ಉಪಾಯ ಇದೆಯಾ?

ರಾಯಚೂರು ಎಂಟೆಕ್

ಇದೆ ಅಣ್ಣಾ, ಪೂರ್ತಿ ಖಾತ್ರಿ ಅಲ್ಲ, ಆದರೆ ಮೋಸ ಹಿಡಿಯಲು ಸಾಕು.

ಮೊದಲು ನೀರು. ಚೀಲದ ಒಂದು ಬೆರಳಗಲ ತುಂಡನ್ನು ನೀರಿನೊಳಗೆ ಅದುಮಿ, ಗಾಳಿ ಗುಳ್ಳೆ ಹೋಗುವ ಹಾಗೆ ಬೆರಳಿನಿಂದ ಉಜ್ಜಿ ಬಿಡಿ. ಪಾಲಿಥಿನ್ ನೀರಿಗಿಂತ ಹಗುರ, ಮೇಲೆ ಬಂದು ತೇಲುತ್ತದೆ. ಪಿಷ್ಟ, ಪಿಬಿಎಟಿ, ಪಿಎಲ್‌ಎ ಎಲ್ಲವೂ ನೀರಿಗಿಂತ ಭಾರ, ಮುಳುಗುತ್ತವೆ. ತೇಲಿದರೆ ಅಲ್ಲಿಗೇ ಬಿಡಿ, ವ್ಯಾಪಾರ ಮುಗಿಸಿ. ಮುಳುಗಿದರೆ ಮಾತ್ರ ಮುಂದಿನ ಪ್ರಶ್ನೆ, ಯಾಕೆಂದರೆ ಸುಣ್ಣದಕಲ್ಲಿನ ಪುಡಿ ಜಾಸ್ತಿ ತುಂಬಿದ ಪಾಲಿಥಿನ್ ಕೂಡ ಮುಳುಗುತ್ತದೆ.

ಎರಡನೆಯದು ಗಾಯಕ್ಕೆ ಹಚ್ಚೋ ಟಿಂಕ್ಚರ್ ಅಯೋಡಿನ್. ಒಂದು ಹನಿ ಬಿಟ್ಟರೆ ಪಿಷ್ಟ ಇದ್ದ ಕಡೆ ಕಡುನೀಲಿ ಆಗುತ್ತದೆ. ಗೊಂಜಾಳದ ಪಿಷ್ಟ ಬೆರೆಸಿದೆ ಅನ್ನುವ ಚೀಲ ಬಣ್ಣ ತಿರುಗದಿದ್ದರೆ ಆ ಮಾತು ಸುಳ್ಳು ಇರಬಹುದು. ಆದರೆ ಬಣ್ಣ ತಿರುಗಿದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. 1970ರ ದಶಕದಲ್ಲೇ ಬ್ರಿಟನ್‌ನಲ್ಲಿ ಪಾಲಿಥಿನ್ ಒಳಗೆ ಒಂದಿಷ್ಟು ಪಿಷ್ಟ ಬೆರೆಸಿ ನೋಡಿದ್ದರು. ಸೂಕ್ಷ್ಮಜೀವಿಗಳು ಪಿಷ್ಟ ತಿಂದು ಹೋದವು, ಪಾಲಿಥಿನ್ ಜಾಲರಿ ಹಾಗೇ ಉಳಿಯಿತು. ಬರೀ ಪಿಎಲ್‌ಎ ಇದ್ದರೂ ಬಣ್ಣ ತಿರುಗುವುದಿಲ್ಲ, ಯಾಕೆಂದರೆ ಅಲ್ಲಿ ಪಿಷ್ಟ ಉಳಿದೇ ಇಲ್ಲ.

ನಿಮ್ಮ ತಿಪ್ಪೆಯಲ್ಲಿ ಚೂರಾದದ್ದು ಬಹುಶಃ ಬಿಸಿಲಿಗೆ ಒಡೆಯುವ ಔಷಧ ಬೆರೆಸಿದ ಪಾಲಿಥಿನ್, ಆಕ್ಸೊ ಅಂತ ಕರೆಯುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತದೆ, ಇಲ್ಲವಾಗುವುದಿಲ್ಲ. ಯುರೋಪಿನಲ್ಲಿ 2021ರಲ್ಲಿ ಅದನ್ನು ನಿಷೇಧಿಸಿದರು.

"ಗಿಡದಿಂದ ಮಾಡಿದ್ದು" ಮತ್ತು "ಕರಗುವಂಥದ್ದು" ಬೇರೆ ಬೇರೆ ಅಂತ ನೆನಪಿಡಿ. ಬ್ರೆಜಿಲ್‌ನಲ್ಲಿ ಕಬ್ಬಿನ ಎಥೆನಾಲ್‌ನಿಂದ ಪಾಲಿಥಿನ್ ಮಾಡುತ್ತಾರೆ. ಅದು ನಮ್ಮ ಹಾಲಿನ ಪ್ಯಾಕೆಟ್ಟಿನಷ್ಟೇ ಗಟ್ಟಿ, ಕರಗುವುದಿಲ್ಲ. ಇನ್ನು ದನ. ಕಾಂಪೋಸ್ಟಬಲ್ ಅಂದರೆ ದನ ತಿಂದರೂ ಪರವಾಗಿಲ್ಲ ಅಂತ ಅರ್ಥ ಅಲ್ಲವೇ ಅಲ್ಲ. ಆ ಪರೀಕ್ಷೆ ಗೊಬ್ಬರದ ಗುಂಡಿಗೆ, ಹಸುವಿನ ಹೊಟ್ಟೆಗೆ ಅಲ್ಲ.

ಮಾನ್ವಿ ಸಂಘದ ಅಕ್ಕ

ಇದನ್ನೆಲ್ಲ ಇವತ್ತು ಸಂಘದ ಸಭೆಯಲ್ಲಿ ಓದಿ ಹೇಳಿದೆ. ಸಾಲ ಬೇಡ ಅಂತ ತೀರ್ಮಾನ ಆಯಿತು. ಇಬ್ಬರು ಮುಖ ಊದಿಸಿಕೊಂಡು ಹೋದರು, ಇರಲಿ. ನಿನಗೆ ಪುಣ್ಯ ಬರಲಿ ತಂಗಿ.

ಕುರುಗೋಡು ಹೊಲ

ನಾನು ಮೊದಲಿಂದ ಓದುತ್ತಿದ್ದೆ, ಈಗ ಬರೆಯುತ್ತೇನೆ. ನೀವೆಲ್ಲ ಚೀಲ ಚೀಲ ಅನ್ನುತ್ತಿದ್ದೀರಿ. ನನ್ನ ಹೊಲಕ್ಕೆ ಬನ್ನಿ, ಪ್ಲಾಸ್ಟಿಕ್ ಅಂದರೆ ಏನು ಅಂತ ತೋರಿಸುತ್ತೇನೆ.

ನಾಲ್ಕು ಎಕರೆ ಎರೆ ಹೊಲ. ಮೆಣಸಿನಕಾಯಿ, ಬೇಸಿಗೆಗೆ ಕಲ್ಲಂಗಡಿ. ಐದು ವರ್ಷದಿಂದ ಮಲ್ಚಿಂಗ್ ಪೇಪರ್, ಅಂದರೆ ಸಾಲಿನ ಮೇಲೆ ಹಾಸೋ ಕಪ್ಪು ಪ್ಲಾಸ್ಟಿಕ್ ಹಾಳೆ, ಹಾಕುತ್ತಿದ್ದೇನೆ. ಕಳೆ ಕಮ್ಮಿ, ನೀರು ಉಳಿಯುತ್ತದೆ, ಆಳಿನ ಖರ್ಚು ಉಳಿಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಬೆಳೆ ಮುಗಿದ ಮೇಲೆ ತೆಗೆಯೋದು ಇದೆಯಲ್ಲ, ಅದು ಯಾರಿಗೂ ಬೇಡ. ಬಿಸಿಲಿಗೆ ಬೆಂದ ಪೇಪರ್ ಎಳೆದರೆ ಕೈಗೆ ಬರುವುದು ಮೇಲಿನದ್ದು ಮಾತ್ರ. ಎರಡೂ ಬದಿ ಮಣ್ಣಿನಲ್ಲಿ ಮುಚ್ಚಿದ್ದು ಅಲ್ಲೇ ಹರಿದು ಉಳಿಯುತ್ತದೆ. ಹೋದ ವಾರ ರೋಟಾವೇಟರ್ ಹೊಡೆಸಿದೆ. ಬ್ಲೇಡಿಗೆ ಕಪ್ಪು ಪೇಪರ್ ಹಗ್ಗದ ಹಾಗೆ ಸುತ್ತಿ ಮೂರು ಸಲ ನಿಲ್ಲಿಸಿ ಕುಡುಗೋಲಿನಿಂದ ಕೊಯ್ದು ತೆಗೆದೆವು. ಒಂದು ಹೆಂಟೆ ಒಡೆದು ನೋಡಿದೆ. ಒಳಗೆ ನಾಲ್ಕು ತುಂಡು ಪೇಪರ್. ಒಂದರ ಮೇಲೆ ಬೇರು ಬಂದು ತಾಗಿ, ಒಳಗೆ ಇಳಿಯಲು ಆಗದೆ ಪಕ್ಕಕ್ಕೆ ತಿರುಗಿ ಹೋಗಿತ್ತು. ನಮ್ಮಪ್ಪ ಇದ್ದಿದ್ದರೆ ಆ ಹೆಂಟೆ ನೋಡಿ ಏನು ಅನ್ನುತ್ತಿದ್ದರೋ.

ತೆಗೆದದ್ದನ್ನು ಬದುವಿನಲ್ಲಿ ಸುಡುತ್ತೇವೆ. ಸುಡಬಾರದು ಅಂತ ಗೊತ್ತು. ಮಣ್ಣು ಮೆತ್ತಿದ್ದನ್ನು ಗುಜರಿಯವರು ಮುಟ್ಟುವುದಿಲ್ಲ, ಬೇರೆ ಎಲ್ಲಿಗೆ ಒಯ್ಯಲಿ?

ರಾಯಚೂರು ಎಂಟೆಕ್

ಅಣ್ಣಾ, ನಿಮ್ಮ ಹೊಲದ ಲೆಕ್ಕ ಹಾಕಿದೆ. ಎಕರೆ ಅಂದರೆ 4047 ಚದರ ಮೀಟರ್. ಸಾಲಿನಿಂದ ಸಾಲಿಗೆ 5 ಅಡಿ ಇದ್ದರೆ ಸುಮಾರು 2700 ಮೀಟರ್ ಉದ್ದದ ಪೇಪರ್. 1.2 ಮೀಟರ್ ಅಗಲ, 25 ಮೈಕ್ರಾನ್ ಅಂದರೆ ಎಕರೆಗೆ 75 ಕೆಜಿ ಪಾಲಿಥಿನ್ ಆಯಿತು. ಅದರಲ್ಲಿ ಮಣ್ಣಿನಲ್ಲಿ ಉಳಿಯುವುದು ಎಷ್ಟು ಅಂತ ನಿಮಗೇ ಗೊತ್ತು.

ಪಿಷ್ಟ ಮತ್ತು ಪಿಬಿಎಟಿ ಬೆರೆಸಿದ ಮಲ್ಚಿಂಗ್ ಪೇಪರ್ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಬೆಳೆ ಮುಗಿದ ಮೇಲೆ ಹಾಗೇ ಉಳುಮೆ ಮಾಡಿ ಮುಚ್ಚಬಹುದು. ಅದಕ್ಕೆ ಯುರೋಪಿನಲ್ಲಿ 2018ರಲ್ಲಿ ಇಎನ್ 17033 ಅಂತ ಬೇರೆ ನಿಯಮವನ್ನೇ ಮಾಡಿದರು. ಗೊಬ್ಬರದ ಗುಂಡಿಯ 58 ಡಿಗ್ರಿಯಲ್ಲಿ ಅಲ್ಲ, ಮಾಮೂಲಿ ಮಣ್ಣಿನ ಬಿಸಿಯಲ್ಲೇ ಎರಡು ವರ್ಷದೊಳಗೆ 90 ಪರ್ಸೆಂಟ್ ಹೋಗಬೇಕು.

ದೇವದುರ್ಗದ ಅಣ್ಣಾ ಈ ಲೆಕ್ಕ ನೋಡಿ. ಅದು ಪಾಲಿಥಿನ್‌ಗಿಂತ ಭಾರ ಇರುವುದರಿಂದ ಎಕರೆಗೆ 100 ಕೆಜಿ ಹತ್ತಿರ ಬೇಕು. ಅದರಲ್ಲಿ ಮೂರನೇ ಒಂದು ಪಾಲು ಪಿಷ್ಟ ಅಂದರೆ 33 ಕೆಜಿ. ನಮ್ಮ ಕಡೆ ನೀರಾವರಿ ಹೊಲದಲ್ಲಿ ಎಕರೆಗೆ 75 ಕೆಜಿಯ 35-40 ಚೀಲ ನೆಲ್ಲು ಬರುತ್ತದೆ. ಒಂದು ಚೀಲಕ್ಕಿಂತ ಸ್ವಲ್ಪ ಕಮ್ಮಿ ನೆಲ್ಲಿನ ಅಕ್ಕಿಯಲ್ಲಿರುವಷ್ಟು ಪಿಷ್ಟ ಕೊಟ್ಟು ಒಂದು ಎಕರೆ ಮಣ್ಣನ್ನು ಉಳಿಸಿಕೊಳ್ಳಬಹುದು. ಎಲ್ಲ ಚೀಲ, ಎಲ್ಲ ಬಾಟಲಿ ಪಿಷ್ಟದಿಂದ ಆಗಲಿ ಅಂದರೆ ನಾನೂ ಬೇಡ ಅನ್ನುತ್ತೇನೆ. ಇದಕ್ಕೆ ಬೇಕು ಅನ್ನುತ್ತೇನೆ.

ಬೆಲೆ ಪಾಲಿಥಿನ್‌ಗಿಂತ ಜಾಸ್ತಿ, ಅದು ದೊಡ್ಡ ಅಡ್ಡಿ. ಮತ್ತೆ, ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಕರಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಎರೆ ಭೂಮಿಯಲ್ಲಿ ಸೂಕ್ಷ್ಮಜೀವಿಗಳೂ ಕೆಲಸ ನಿಲ್ಲಿಸುತ್ತವೆ.

ದೇವದುರ್ಗದವ

33 ಕೆಜಿ ಅನ್ನೋದಾದರೆ ನನ್ನ ಜಗಳ ಇಲ್ಲ. ಹೆಂಟೆ ಒಳಗಿನ ಬೇರಿನ ಮಾತು ಓದಿ ಮನಸ್ಸಿಗೆ ನಾಟಿತು. ಆದರೆ ಆ ಪಿಷ್ಟಕ್ಕೆ ತಿನ್ನೋ ಅಕ್ಕಿ ಮುಟ್ಟಬಾರದು, ಕಪ್ಪು ಚುಕ್ಕೆ ಬಿದ್ದ ನುಚ್ಚು, ಮಳೆಗೆ ನೆನೆದು ಮುಗ್ಗಲು ಬಂದ ಗೊಂಜಾಳ ಇಂಥದ್ದೇ ಆಗಬೇಕು. ಪ್ರತಿ ಸಲ ಕೊಯ್ಲಿಗೆ ಮಳೆ ಹಿಡಿದು ಎಪಿಎಂಸಿ ಅಂಗಳದಲ್ಲಿ ಎಷ್ಟು ಗೊಂಜಾಳ ಮೊಳಕೆ ಒಡೆಯುತ್ತದೆ ನೋಡಿದ್ದೀರಲ್ಲ.

ರಾಯಚೂರು ಎಂಟೆಕ್

ಮೊಳಕೆ ಬಂದದ್ದು ಸ್ವಲ್ಪ ಕಷ್ಟ ಅಣ್ಣಾ, ಮೊಳಕೆ ಒಡೆಯುವಾಗ ಕಾಳೇ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲು ಶುರು ಮಾಡುತ್ತದೆ, ಎಳೆ ತುಂಡಾಗುತ್ತದೆ. ಬಣ್ಣ ಕೆಟ್ಟ ನುಚ್ಚು ನಡೆಯುತ್ತದೆ.

ಕಾರಟಗಿ ಮೇಷ್ಟ್ರು

ಇಷ್ಟೆಲ್ಲ ಓದಿದ ಮೇಲೆ ನಾವು ಹಾಳೆ ಮಾಡೋದು ಬಿಟ್ಟೆವು. ಮಲ್ಚಿಂಗ್ ಪೇಪರ್ ಶಾಲೆಯಲ್ಲಿ ಆಗದ ಕೆಲಸ. ಆದರೆ "ಹೇಗಿದ್ದರೂ ಮಣ್ಣಿಗೇ ಹೋಗುವಂಥದ್ದು" ಅಂತ ತಂಗಿ ಹೇಳಿದ್ದು ತಲೆಯಲ್ಲಿ ಉಳಿಯಿತು. ಸಸಿ ಬೆಳೆಸೋ ಕರಿ ಪಾಕೆಟ್ ಬದಲು ಕಪ್ ಮಾಡಿದರೆ ಹೇಗೆ ಅಂತ ಮಕ್ಕಳೇ ಕೇಳಿದರು.

ಫಿಟ್ಟರ್ ಅಣ್ಣಾ ರಾ ನುಚ್ಚು 5 ಕೆಜಿ, ಒಂದು ಚೀಲ ಹೊಟ್ಟು ಕಳಿಸಿಕೊಟ್ಟರು. ನುಚ್ಚು ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ಹಳೇ ಪಂಚೆಯಲ್ಲಿ ಸೋಸಿ ಬಕೆಟ್‌ನಲ್ಲಿ ಬಿಟ್ಟೆವು. ಸಂಜೆಗೆ ತಳದಲ್ಲಿ ಸುಣ್ಣದ ಹಾಗೆ ಬಿಳಿ, ಅದರ ಮೇಲೆ ಹಳದಿ ಪದರ. ಆ ಹಳದಿ ಪ್ರೋಟೀನ್, ಚಮಚದಿಂದ ಕೆರೆದು ತೆಗೆದು ಮತ್ತೆ ಮೂರು ಸಲ ತೊಳೆದೆವು. ಅಕ್ಕಿ ಪಿಷ್ಟದ ಕಣ ತುಂಬಾ ಸಣ್ಣದು, ಅದಕ್ಕೇ ತಳ ಹಿಡಿಯಲು ಬಹಳ ಹೊತ್ತು ಬೇಕು, ಅವಸರ ಮಾಡಿ ನೀರು ಚೆಲ್ಲಿದರೆ ಅರ್ಧ ಮಾಲು ನೀರಿನ ಜೊತೆಗೇ ಹೋಗುತ್ತದೆ. ಮೊದಲ ಸಲ ಹೋಯಿತು ಕೂಡ. ಕಾರ್ಖಾನೆಯಲ್ಲಿ ಪ್ರೋಟೀನ್ ಬಿಡಿಸಲು ಕಾಸ್ಟಿಕ್ ಸೋಡಾ ಹಾಕುತ್ತಾರಂತೆ. ಮಕ್ಕಳ ಕೈಯಲ್ಲಿ ಅದು ಬೇಡ ಅಂತ ಬಿಟ್ಟೆ.

ಗಂಜಿ ಕಾಯಿಸಿ, ಪುಡಿ ಮಾಡಿದ ಹೊಟ್ಟು ಕಲಸಿ, ಎರಡು ಸ್ಟೀಲ್ ಲೋಟಗಳ ನಡುವೆ ಒತ್ತಿ ಬಿಸಿಲಿಗೆ ಇಟ್ಟೆವು. ಮೊದಲ ದಿನದ ಹನ್ನೆರಡು ಕಪ್ಪಿನಲ್ಲಿ ಒಂಬತ್ತು ರಾತ್ರಿ ಇಲಿ ತಿಂದವು. ಎರಡನೇ ಸಲ ಟಿನ್ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಈಗ 60 ಕಪ್ ಇವೆ. ಕುರುಗೋಡು ಅಣ್ಣಾ, ನಿಮಗೆ ಕಳಿಸಲಾ?

ಕುರುಗೋಡು ಹೊಲ

ಕಳಿಸಿ ಮೇಷ್ಟ್ರೇ. ಮೆಣಸಿನ ಸಸಿಗೆ ಹಾಕಿ ನೋಡುತ್ತೇನೆ. ಗಂಗಾವತಿ ಬಸ್ಸಿಗೆ ಹಾಕಿದರೆ ನಾನು ಕಂಪ್ಲಿಯಲ್ಲಿ ಇಳಿಸಿಕೊಳ್ಳುತ್ತೇನೆ.

ಕುರುಗೋಡು ಹೊಲ (17 ದಿನದ ನಂತರ)

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. 30 ಕಪ್ಪಿನಲ್ಲಿ ಮೆಣಸಿನ ಬೀಜ, 30ರಲ್ಲಿ ಹೀರೆ ಮತ್ತು ಸೌತೆ ಹಾಕಿದ್ದೆ.

ಮೆಣಸಿನಕಾಯಿಗೆ ಇದು ಆಗೋದಿಲ್ಲ. ಸಸಿ ನಾಟಿಗೆ ಬರಲು 35-40 ದಿನ ಬೇಕು. ದಿನಾ ನೀರು ಬಿದ್ದು ಹನ್ನೊಂದನೇ ದಿನಕ್ಕೇ ಕಪ್ಪಿನ ಬುಡ ಕುಸಿಯಿತು, ಎತ್ತಿದರೆ ಮಣ್ಣು ಕೈಗೆ ಬಂತು. ಸಸಿಗಳನ್ನು ಪ್ರೋಟ್ರೇಗೆ (ಸಸಿ ಬೆಳೆಸೋ ಗುಳಿ ಗುಳಿ ಪ್ಲಾಸ್ಟಿಕ್ ತಟ್ಟೆಗೆ) ಸಾಗಿಸಿದೆ.

ಹೀರೆ, ಸೌತೆ ಬೇರೆ ಕಥೆ. ಅವು 12-14 ದಿನಕ್ಕೆ ನಾಟಿಗೆ ಸಿದ್ಧ. ಕಪ್ ಅಷ್ಟರಲ್ಲಿ ಮೆತ್ತಗಾಗಿದ್ದರೂ ಆಕಾರ ಹಿಡಿದಿತ್ತು. ಇವುಗಳ ಬೇರು ಅಲುಗಿದರೆ ಬಾಡುತ್ತವೆ, ಪಾಕೆಟ್ ಹರಿಯುವಾಗ ಯಾವಾಗಲೂ ನಾಲ್ಕಾರು ಹೋಗುತ್ತವೆ. ಈ ಸಲ ಕಪ್ಪಿನ ಸಮೇತ ಗುಂಡಿಗೆ ಇಟ್ಟೆ, 30ರಲ್ಲಿ 29 ಹಿಡಿದವು. ನಿನ್ನೆ ಒಂದನ್ನು ಬೇಕೆಂದೇ ಅಗೆದು ನೋಡಿದೆ. ಕಪ್ಪಿನ ಗೋಡೆಯಲ್ಲಿ ಬಿಳಿ ಬೇರು ಐದಾರು ಕಡೆ ತೂರಿ ಆಚೆ ಬಂದಿದೆ. ಗೋಡೆಯನ್ನು ಬೆರಳಿನಿಂದ ಹಿಸುಕಿದರೆ ಬರೀ ಹೊಟ್ಟಿನ ತರಿ ಉಳಿದಿದೆ, ಅಂಟು ಹೋಗಿದೆ.

ಎಲೆ ಮಾತ್ರ ಸ್ವಲ್ಪ ಹಳದಿ ಅನ್ನಿಸುತ್ತಿದೆ. ಯಾಕೆ ತಂಗಿ?

ರಾಯಚೂರು ಎಂಟೆಕ್

ಅಣ್ಣಾ, ಓದಿ ತುಂಬಾ ಖುಷಿ ಆಯಿತು. ಪಿಷ್ಟ ಮತ್ತು ಹೊಟ್ಟು ಕೊಳೆಯುವಾಗ ಸೂಕ್ಷ್ಮಜೀವಿಗಳು ಸುತ್ತಲಿನ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತವೆ. ಒಣ ಹುಲ್ಲು ಮಣ್ಣಿಗೆ ಮುಚ್ಚಿದ ಹೊಲದಲ್ಲಿ ಪೈರು ಹಳದಿ ತಿರುಗುತ್ತದಲ್ಲ, ಹಾಗೇ. ಮುಂದಿನ ಸಲ ಗಂಜಿಗೆ ಹೊಟ್ಟಿನ ಜೊತೆ ಸ್ವಲ್ಪ ಶೇಂಗಾ ಹಿಂಡಿ ಪುಡಿ ಕಲಸಿ ನೋಡಬಹುದು. ಈಗ ಬುಡಕ್ಕೆ ಒಂದಿಷ್ಟು ಜೀವಾಮೃತವೋ ಯೂರಿಯಾ ನೀರೋ ಕೊಡಿ.

ಗಂಗಾವತಿ ಮಿಲ್ ಫಿಟ್ಟರ್

ಹಿಂಡಿ ಹಾಕಿದರೆ ಇಲಿ ಇನ್ನೂ ಜಾಸ್ತಿ ಬರುತ್ತವೆ ತಂಗಿ, ನೋಡಿಕೊಳ್ಳಿ. ಬೇವಿನ ಹಿಂಡಿ ಹಾಕಿ, ಇಲಿ ಮೂತಿ ಹಾಕುವುದು ಕಮ್ಮಿ. ಮೇಷ್ಟ್ರೇ, ಎರಡು ಲೋಟದ ನಡುವೆ ಒತ್ತುವ ಕೆಲಸಕ್ಕೆ ನಾನೊಂದು ಕೈ ಪ್ರೆಸ್ ಮಾಡಿಕೊಡುತ್ತೇನೆ. ಸ್ಕ್ರಾಪಿನಲ್ಲಿ ಹಳೇ ಬೇರಿಂಗ್ ಪುಲ್ಲರ್ ಬಿದ್ದಿದೆ, ವಾರ ಕೊಡಿ.

ಮಾನ್ವಿ ಸಂಘದ ಅಕ್ಕ

ಮೇಷ್ಟ್ರೇ, ಆ ಪ್ರೆಸ್ ಆದ ಮೇಲೆ ನಮ್ಮ ಸಂಘದಿಂದ ಇಬ್ಬರು ಬಂದು ನೋಡಬಹುದಾ? ಭಾನುವಾರ ಶಾಲೆ ತೆಗೆದಿರುತ್ತೀರಾ?

ಕಾರಟಗಿ ಮೇಷ್ಟ್ರು

ಬನ್ನಿ ಅಕ್ಕಾ. ಭಾನುವಾರ ಹತ್ತು ಗಂಟೆಗೆ ಬೀಗ ತೆಗೆದಿರುತ್ತೇನೆ. "ತಿನ್ನಬಹುದಿತ್ತಲ್ಲ" ಅಂದ ಹುಡುಗಿಯೇ ನಿಮಗೆ ತೋರಿಸುತ್ತಾಳೆ. ಕಪ್ಪಿನ ಕೆಲಸ ಈಗ ಪೂರ್ತಿ ಅವಳ ಕೈಯಲ್ಲಿದೆ. ಚುಕ್ಕೆ ಬಿದ್ದ ನುಚ್ಚು ಬಿಟ್ಟು ಬೇರೆ ತಂದರೆ ಒಳಗೇ ಬಿಡುವುದಿಲ್ಲ. ಕುರುಗೋಡು ಅಣ್ಣಾ, ಕಲ್ಲಂಗಡಿ ಬೀಜ ಯಾವಾಗ ಹಾಕುತ್ತೀರಿ ಅಂತ ಮೊದಲೇ ತಿಳಿಸಿ, ಅದಕ್ಕೆ ಎಷ್ಟು ಕಪ್ ಬೇಕು ಅಂತಲೂ ಹೇಳಿ.

ಕುರುಗೋಡು ಹೊಲ

ಡಿಸೆಂಬರ್ ಕೊನೆ ವಾರ. ಮೊದಲು ಕಾಲು ಎಕರೆಗೆ ಸಾಕು, 500 ಕಪ್ ಮಾಡಿ ಕೊಡಿ. ಮೊದಲ ಹಣ್ಣು ಶಾಲೆಗೆ ಕಳಿಸುತ್ತೇನೆ.